ಕೋಡ್ ಇಲ್ಲದ ಕೆಲಸ

ಶುಕ್ರವಾರ ಸಂಜೆಯಾಯಿತೆಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಕಾದಂಬರಿಕಾರರು. ಟೈಮ್‌ಶೀಟ್ ತುಂಬಬೇಕಲ್ಲ! ಸೋಮವಾರ ಹತ್ತರಿಂದ ಹತ್ತೂವರೆವರೆಗೆ ಏನು ಮಾಡಿದೆ, ಮಂಗಳವಾರ ಮಧ್ಯಾಹ್ನ ಯಾವ ಕ್ಲೈಂಟಿನ ಬಗ್ಗೆ ಯೋಚಿಸಿದೆ, ಬುಧವಾರದ ತಲೆನೋವು ಯಾರ ಲೆಕ್ಕಕ್ಕೆ ಸೇರಬೇಕು ಎಂದು ನೆನಪಿಸಿಕೊಂಡು, ನೆನಪಾಗದ ಕಡೆ ಕಲ್ಪಿಸಿಕೊಂಡು, ಅರ್ಧರ್ಧ ಗಂಟೆಯ ಲೆಕ್ಕ ಒಪ್ಪಿಸಬೇಕು. ಪ್ರತಿ ಅರ್ಧ ಗಂಟೆಗೂ ಒಂದು ಕೋಡ್. ಕ್ಲೈಂಟಿನ ಕೆಲಸಕ್ಕೆ ಒಂದು ಕೋಡ್, ಕ್ಲೈಂಟಿನ ಹತ್ತಿರ ಹೋಗುವ ದಾರಿಗೆ ಇನ್ನೊಂದು, ರಜೆಗೆ ಒಂದು, ಜ್ವರಕ್ಕೆ ಒಂದು. ಟೈಮ್‌ಶೀಟ್ ತುಂಬುವ ಕೆಲಸಕ್ಕೂ ಒಂದು. ಬೆಂಚ್ ಮೇಲಿದ್ದಾಗ, ಬೇರೇನೂ ತೋಚದೆ, ಆ ಕೋಡುಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. (ಬೆಂಚ್ ಎಂದರೆ ಕೂರುವ ಬೆಂಚಲ್ಲ, ಪ್ರಾಜೆಕ್ಟ್ ಇಲ್ಲದವರ ಸ್ಥಿತಿ. ಸಂಬಳ ಬರುತ್ತದೆ, ನಿದ್ದೆ ಬರುವುದಿಲ್ಲ.) ಮೇಲಿನವರೊಬ್ಬರು ಕೆಳಗಿನವನೊಬ್ಬನನ್ನು ಎದುರಿಗೆ ಕೂರಿಸಿಕೊಂಡು 'ಹೇಗಿದೀಯಪ್ಪ?' ಎಂದು ಕೇಳುವುದಕ್ಕೆ ಆ ಪಟ್ಟಿಯಲ್ಲಿ ಕೋಡ್ ಇರಲಿಲ್ಲ.

ನಾನಿದ್ದದ್ದು ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ. ಹೆಸರು ಬೇಡ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡ. ಕಿಟಕಿಯಿಂದ ಇಣುಕಿದರೆ ಬೆಳ್ಳಂದೂರು ಕೆರೆ, ಕೆರೆಯ ಮೇಲೆ ನೊರೆ. 2017ರಲ್ಲಂತೂ ಆ ಕೆರೆಗೆ ಬೆಂಕಿಯೇ ಬಿತ್ತು. ಅದಕ್ಕೆ ಬೆನ್ನು ಹಾಕಿ ಕೂತು ನಾವು ಯುರೋಪಿನ ಕಂಪನಿಗಳಿಗೆ ಪರಿಸರ ಕಾಳಜಿಯ ನೀಲನಕ್ಷೆ ಬರೆದುಕೊಡುತ್ತಿದ್ದೆವು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮ ಚಿಕ್ಕಪ್ಪ ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಸಿಕ್ಕಿ, "ಅದೇನ್ ಕೆಲ್ಸಾನೋ ನಿಂದು?" ಎಂದರು.

"ಕಂಪನಿಗಳಿಗೆ ಸಲಹೆ ಕೊಡೋದು."

"ಅದಕ್ಕೆ ದುಡ್ಡು ಕೊಡ್ತಾರಾ?"

"ಗಂಟೆ ಲೆಕ್ಕದಲ್ಲಿ ಕೊಡ್ತಾರೆ."

ಹೋಳಿಗೆಗೆ ತುಪ್ಪ ಬೀಳುವವರೆಗೆ ಸುಮ್ಮನಿದ್ದು, "ನಮ್ಮೂರಲ್ಲಿ ಪುಕ್ಕಟೆ ಕೊಟ್ರೂ ಒಬ್ಬನೂ ತಗೊಳ್ಳಲ್ಲ. ನಿಮ್ಮೋರು ಬುದ್ಧಿವಂತ್ರು ಬಿಡು," ಎಂದರು.

ಈ ಬುದ್ಧಿವಂತಿಕೆ ಇಂದು ನಿನ್ನೆಯದಲ್ಲ ಎಂದು ಅವರಿಗೆ ಹೇಳಬೇಕೆನಿಸಿತ್ತು, ಪಾಯಸ ಬಂತು. 1886ರಷ್ಟು ಹಿಂದೆಯೇ ಆರ್ಥರ್ ಲಿಟಲ್ ಎಂಬ ರಸಾಯನಶಾಸ್ತ್ರಜ್ಞ ಬಾಸ್ಟನ್ನಿನಲ್ಲಿ ಇಂಥ ಅಂಗಡಿ ತೆರೆದ. 1926ರಲ್ಲಿ ಶಿಕಾಗೋದ ಲೆಕ್ಕಶಾಸ್ತ್ರದ ಮೇಷ್ಟ್ರು ಜೇಮ್ಸ್ ಮೆಕಿನ್ಸಿ ತೆರೆದ. ನಮ್ಮವರೇ ಬೇಕೆಂದರೆ ವಿಶ್ವೇಶ್ವರಯ್ಯನವರಿದ್ದಾರೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದಿನೊಳಕ್ಕೆ ನುಗ್ಗಿ ಸಾವಿರಾರು ಜನ ಸತ್ತಾಗ ನಿಜಾಮರ ಸರ್ಕಾರ ಸಲಹೆಗೆ ಕರೆಸಿಕೊಂಡದ್ದು ಬೊಂಬಾಯಿಯ ಸರ್ಕಾರಿ ನೌಕರಿಗೆ ಶರಣು ಹೊಡೆದಿದ್ದ ಈ ಎಂಜಿನಿಯರರನ್ನು. ಅವರು 1909ರಲ್ಲಿ ಹೋಗಿ, ನದಿಯ ಮೈಯೆಲ್ಲ ಅಳೆಸಿ, ಊರಿನ ಮೇಲ್ಗಡೆ ಜಲಾಶಯ ಕಟ್ಟಿ ಎಂದರು. ಉಸ್ಮಾನ್ ಸಾಗರವೂ ಹಿಮಾಯತ್ ಸಾಗರವೂ ಇವತ್ತಿಗೂ ಅಲ್ಲೇ ಇವೆ. ನಮ್ಮ ಸಲಹೆಗಳೂ ಇವೆ, ಇಲ್ಲವೆನ್ನುವಂತಿಲ್ಲ: 'ಫೈನಲ್', 'ಫೈನಲ್ ಫೈನಲ್', 'ಇದೇ ಫೈನಲ್, ಹಳೇದು ತೆಗೀಬೇಡಿ' ಎಂಬ ಫೋಲ್ಡರುಗಳಲ್ಲಿ.

ಈ ಧಂದೆಯಲ್ಲಿ ಮೂರು ಜಾತಿಯ ಜನ ಎಂದು ಹಳೆಯ ಮಾತೊಂದಿದೆ. ಕೆಲಸ ಹುಡುಕಿ ತರುವವರು, ಕೆಲಸವನ್ನೂ ಕೆಲಸದವರನ್ನೂ ನೋಡಿಕೊಳ್ಳುವವರು, ಕೂತು ಅರೆಯುವವರು. ತುದಿಯಲ್ಲಿ ಹುಡುಕುವವರು ಬೆರಳೆಣಿಕೆಯಷ್ಟು, ಬುಡದಲ್ಲಿ ಅರೆಯುವವರು ದಂಡಿಯಾಗಿ. ಅರೆಯುವವನ ಗಂಟೆಯನ್ನು ಅವನ ಸಂಬಳದ ಎಷ್ಟೋ ಪಟ್ಟಿಗೆ ಮಾರಿದರೆ ನಡುವೆ ಉಳಿಯುವುದೇ ಲಾಭ. ಹುಡುಕಿ ತಂದವರಿಗೆ ಅದರಲ್ಲಿ ಪಾಲು, ಅದಕ್ಕೇ ಅವರಿಗೆ ಪಾರ್ಟ್ನರ್ ಎಂದು ಹೆಸರು. ಅರೆದವನಿಗೆ 'ಯುಟಿಲೈಸೇಶನ್' ಎಂಬ ಶೇಕಡಾವಾರು ಅಂಕ. ಅವನ ಗಂಟೆಗಳಲ್ಲಿ ಎಷ್ಟು ಬಿಲ್ಲಿಗೆ ಬಂದವು ಎಂಬ ಲೆಕ್ಕ. ನಡುವಿನ ನೋಡಿಕೊಳ್ಳುವವನದೇ ಕಷ್ಟ. ಅವನು ಬಾಡಿದ ಮುಖದ ಹುಡುಗನೊಬ್ಬನ ಜೊತೆ ಒಂದು ಗಂಟೆ ಕೂತರೆ ಕಂಪನಿಯ ಪುಸ್ತಕದಲ್ಲಿ ಎರಡು ಗಂಟೆ ನಷ್ಟ, ಅವನದೊಂದು, ಹುಡುಗನದೊಂದು. ಹೀಗಾಗಿ ಚುರುಕಾದವರೆಲ್ಲ ನೋಡಿಕೊಳ್ಳುವ ಮೆಟ್ಟಿಲನ್ನು ಎರಡೇ ಹೆಜ್ಜೆಗೆ ದಾಟಿ ಹುಡುಕಲು ಓಡುತ್ತಿದ್ದರು. ನಾಯಕರು ನಮ್ಮ ಕಡೆ ನೋಡುವುದಿಲ್ಲ ಎಂದು ಕ್ಯಾಂಟೀನಿನಲ್ಲಿ ಗೊಣಗುತ್ತಿದ್ದ ನಮಗೆ ಈ ಗಣಿತ ಹೊಳೆಯುತ್ತಿರಲಿಲ್ಲ. ನೋಡಿದ್ದರೆ ಅವರು ನಾಯಕರಾಗುತ್ತಲೇ ಇರಲಿಲ್ಲ.

ನಮ್ಮ ಪಾರ್ಟ್ನರ್ ಕೆಟ್ಟ ಮನುಷ್ಯರಲ್ಲ. ಏರುದನಿಯಲ್ಲಿ ಮಾತಾಡಿದ್ದು ನಾನು ಕೇಳಿಲ್ಲ, ಮೆಲುದನಿಯಲ್ಲಿ ಮಾತಾಡಿದ್ದೂ ಅಪರೂಪ. ಅವರದೊಂದು ಗಾಜಿನ ಕೋಣೆಯಿತ್ತು. ಕಂಪನಿಯದು 'ಓಪನ್ ಡೋರ್ ಪಾಲಿಸಿ'. ಆ ಬಾಗಿಲು ನಿಜಕ್ಕೂ ಸದಾ ತೆರೆದೇ ಇರುತ್ತಿತ್ತು, ಒಳಗೆ ಯಾರೂ ಇರುತ್ತಿರಲಿಲ್ಲ, ಅಷ್ಟೆ. ಮೇಜಿನ ಮೇಲೆ ಮಗಳ ಫೋಟೋ. ಹುಡುಗಿ ಆಗಲೇ ಪಿಯುಸಿಯಲ್ಲಿದ್ದಳಂತೆ, ಫೋಟೋದಲ್ಲಿ ಇನ್ನೂ ಹಲ್ಲು ಬಂದಿರಲಿಲ್ಲ. ಸೋಮವಾರ ಮುಂಬೈ, ಮಂಗಳವಾರ ಸಿಂಗಪುರ, ಗುರುವಾರ ಗುರುಗ್ರಾಮ. ಮನೆಯವರ ವಿಷಯದಲ್ಲೂ ಅವರ ಹತ್ತಿರ ಕೋಡ್ ಇದ್ದಂತೆ ಕಾಣಲಿಲ್ಲ. ನಮ್ಮಲ್ಲಿ ಯಾರೂ ಯಾರನ್ನೂ ಸಾರ್ ಎನ್ನಬಾರದು, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು ಎಂಬ ಸಮಾನತೆಯ ನಿಯಮವಿತ್ತು. ನಮಗೆ ಅವರ ಹೆಸರು ಗೊತ್ತಿತ್ತು. ಅವರು ನಮ್ಮನ್ನೆಲ್ಲ 'ಚಾಂಪ್' ಎನ್ನುತ್ತಿದ್ದರು. ಒಮ್ಮೆ ಮೂವರು ಚಾಂಪ್‌ಗಳು ಒಟ್ಟಿಗೆ ನಿಂತಿದ್ದಾಗ ಹಿಂದಿನಿಂದ ಕರೆದು, ಮೂವರೂ ತಿರುಗಿದ್ದನ್ನು ನೋಡಿ ಸ್ವಲ್ಪ ಗಲಿಬಿಲಿಗೊಂಡರು.

ಈ ಕಸುಬಿನ ಹಳಬರು ಹೀಗಿರಲಿಲ್ಲ ಎನ್ನುತ್ತಾರೆ. ಮಾರ್ವಿನ್ ಬೋವರ್ ಎಂಬ ವಕೀಲ 1933ರಲ್ಲಿ ಮೆಕಿನ್ಸಿಯ ಕಂಪನಿ ಸೇರಿ, ಮುಂದೆ ಅದನ್ನು ಕಟ್ಟಿ ಬೆಳೆಸಿದ. ತನ್ನ ಹುಡುಗರು ಕಡು ಬಣ್ಣದ ಸೂಟು ತೊಡಬೇಕು, ತಲೆಗೆ ಹ್ಯಾಟು ಇಡಲೇಬೇಕು ಎಂದು ಪಟ್ಟು ಹಿಡಿದವನು. ಕನ್ಸಲ್ಟೆಂಟರು ಆಗ ಟೋಪಿಯನ್ನು ತಮ್ಮ ತಲೆಗೇ ಹಾಕಿಕೊಳ್ಳುತ್ತಿದ್ದರು ಎಂದು ನಮ್ಮ ಕ್ಯಾಂಟೀನಿನ ಜೋಕು. ಅರವತ್ತು ತುಂಬಿದಾಗ, 1963ರಲ್ಲಿ, ಬೋವರ್ ತನ್ನ ಷೇರುಗಳನ್ನು ಪುಸ್ತಕದ ಬೆಲೆಗೇ ಕಂಪನಿಗೆ ಬಿಟ್ಟುಕೊಟ್ಟ; ಮಾರುಕಟ್ಟೆಗೆ ಇಟ್ಟಿದ್ದರೆ ಎಷ್ಟೋ ಪಟ್ಟು ಸಿಗುತ್ತಿತ್ತು. ನನಗೆ ಅವನ ಉದಾರತೆಗಿಂತ ಆ ಹ್ಯಾಟಿನ ಹಟ ಇಷ್ಟ. ಹುಡುಗ ಏನು ಹಾಕಿಕೊಂಡು ಬಂದ ಎಂದು ನೋಡಬೇಕಾದರೆ ಒಮ್ಮೆಯಾದರೂ ಅವನ ಕಡೆ ನೋಡಲೇಬೇಕಲ್ಲ. ನಾನು ಒಂದು ವಾರವಿಡೀ ಎಡಗೈಗೆ ಪಟ್ಟಿ ಸುತ್ತಿಕೊಂಡು ಓಡಾಡಿದಾಗ ನಮ್ಮ ಮಹಡಿಯಲ್ಲಿ ಕೇಳಿದವರು ಇಬ್ಬರೇ: ಚಹಾ ಯಂತ್ರದ ಹತ್ತಿರ ನಿಲ್ಲುತ್ತಿದ್ದ ಹುಡುಗ ಮತ್ತು ಧಾರವಾಡದ ಮ್ಯಾನೇಜರ್ ಮೇಡಂ.

ಮೇಡಂ ಬಗ್ಗೆ ಹೇಳಬೇಕು. ನಾನು ಕಂಡ ಕೊನೆಯ ನೋಡಿಕೊಳ್ಳುವವರು ಅವರೇ. ಅವರ ಮುಂದೆ ಹೋಗಿ ನಿಂತರೆ ಮೊದಲು ಲ್ಯಾಪ್‌ಟಾಪನ್ನು ಟಪ್ ಎಂದು ಪೂರ್ತಿ ಮುಚ್ಚುತ್ತಿದ್ದರು. ಅರ್ಧ ಮುಚ್ಚಿ, ಸಂದಿಯಲ್ಲಿ ಒಂದು ಕಣ್ಣಿಟ್ಟು 'ಹೇಳು ಹೇಳು' ಎನ್ನುವ ಜಾಣ್ಮೆ ಅವರಿಗೆ ಬರಲೇ ಇಲ್ಲ. ನಾವು ಮಾಡಿದ ಸ್ಲೈಡುಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಓದುತ್ತಿದ್ದರು. (ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ, ಅದೂ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ, ಮೈಕ್ರೋಸಾಫ್ಟ್ ಅದೇ ವರ್ಷ ಒಂದೂ ಕಾಲು ಕೋಟಿ ಡಾಲರಿಗೂ ಮೀರಿದ ಬೆಲೆಗೆ ಕೊಂಡುಕೊಂಡಿತು. ಅದಕ್ಕೂ ಮೊದಲು ಕನ್ಸಲ್ಟೆಂಟರು ಹೇಗೆ ಯೋಚಿಸುತ್ತಿದ್ದರೋ ದೇವರಿಗೇ ಗೊತ್ತು.) ಒಮ್ಮೆ ನಾನು ರಾತ್ರಿಯೆಲ್ಲ ಕೂತು ಮಾಡಿದ, ನನ್ನ ಕಣ್ಣಿಗೆ ಅಜಂತಾದ ಚಿತ್ರದಂತೆ ಕಂಡಿದ್ದ ಸ್ಲೈಡನ್ನು ಬಹಳ ಹೊತ್ತು ದಿಟ್ಟಿಸಿ, "ಇದರಾಗ ಹನ್ನೆರಡು ಬಾಣ ಅದಾವು. ಒಂದೂ ನಾಟಂಗಿಲ್ಲ," ಎಂದರು. ಆಮೇಲೆ, "ಊಟಾ ಮಾಡೀಯೋ ಇಲ್ಲೋ?" ಎಂದರು. ಹೀಗೆ ಬೈಸಿಕೊಂಡೇ ನಾವು ನಾಲ್ಕೈದು ಜನ ಕೆಲಸ ಕಲಿತೆವು.

ಆದರೆ ಅವರಿಗೆ ಒಂದು ದುರಭ್ಯಾಸ: ಟೈಮ್‌ಶೀಟಿನಲ್ಲಿ ನಿಜ ಬರೆಯುತ್ತಿದ್ದರು. ನಮ್ಮ ಜೊತೆ ಕಳೆದ ಗಂಟೆಗಳನ್ನು ಯಾವ ಕ್ಲೈಂಟಿನ ತಲೆಗೂ ಕಟ್ಟದೆ 'ಅಡ್ಮಿನ್' ಎಂಬ ಅನಾಥ ಕೋಡಿಗೆ ಹಾಕುತ್ತಿದ್ದರು. ವರ್ಷದ ಕೊನೆಗೆ ಅವರ ಯುಟಿಲೈಸೇಶನ್ ನೆಲ ಕಚ್ಚುತ್ತಿತ್ತು. ಈ ಧಂದೆಯಲ್ಲಿ 'ಅಪ್ ಆರ್ ಔಟ್' ಎಂಬ ಕಾನೂನಿದೆ, ಮೇಲೆ ಹತ್ತು, ಇಲ್ಲವೇ ಹೊರಗೆ ನಡೆ. ಇದ್ದಲ್ಲೇ ಇರುತ್ತೇನೆ ಎನ್ನುವಂತಿಲ್ಲ. ಅವರಿಗೆ ಹೊರಗಿನ ದಾರಿ ತೋರಿಸಿದರು, ಅದೂ ಎಷ್ಟು ನಯವಾಗಿ ಎಂದರೆ ಹೋದದ್ದು ತಮ್ಮ ಇಚ್ಛೆಯಿಂದಲೇ ಎಂದು ಅವರಿಗೇ ಒಂದು ತಿಂಗಳು ಅನ್ನಿಸಿತಂತೆ. ಬೀಳ್ಕೊಡುಗೆಯ ದಿನ ಪಾರ್ಟ್ನರ್ ಸಿಂಗಪುರದಿಂದ ಪರದೆಯ ಮೇಲೆ ಬಂದು 'ನಾವೆಲ್ಲ ಒಂದೇ ಕುಟುಂಬ' ಎಂದರು. ಮೇಡಂ ನನ್ನ ಕಿವಿಯಲ್ಲಿ, "ಹೌದ್ನೋ, ಪಾಲಾದ ಕುಟುಂಬ," ಎಂದರು. ಅವರು ಹೋದ ಆರೇಳು ತಿಂಗಳಲ್ಲಿ ಅವರ ಹುಡುಗರೂ ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಹೊಸಬರನ್ನು ಹುಡುಕಿ ತರಲು ಆದ ಖರ್ಚು ಯಾವ ಕೋಡಿಗೆ ಹೋಯಿತೋ ಗೊತ್ತಿಲ್ಲ. ಮೇಡಂ ಲೆಕ್ಕಕ್ಕಂತೂ ಯಾರೂ ಬರೆಯಲಿಲ್ಲ.

ಹುಡುಗರು ಯಾಕೆ ಬಿಡುತ್ತಿದ್ದಾರೆಂದು ತಿಳಿಯಲು ಕಂಪನಿ ಸಮೀಕ್ಷೆ ನಡೆಸಿತು. 'ನಿಮ್ಮ ಹೆಸರು ಗುಟ್ಟಾಗಿರುತ್ತದೆ' ಎಂದು ಮೊದಲ ಸಾಲು. ಎರಡನೆಯ ಸಾಲಿನಿಂದ ಊರು, ವಿಭಾಗ, ದರ್ಜೆ, ವಯಸ್ಸು, ಸೇರಿದ ವರ್ಷ. ನನ್ನ ಊರು, ನನ್ನ ವಿಭಾಗ, ನನ್ನ ದರ್ಜೆಯಲ್ಲಿ ಆ ವರ್ಷ ಸೇರಿದವನು ನಾನೊಬ್ಬನೇ. ಹಾಗಾಗಿ ಎಲ್ಲದಕ್ಕೂ ಐದಕ್ಕೆ ನಾಲ್ಕು ಕೊಟ್ಟೆ. ಗ್ಯಾಲಪ್ ಸಂಸ್ಥೆಯವರ ಪ್ರಸಿದ್ಧ ಪ್ರಶ್ನಾವಳಿಯೊಂದಿದೆ, ಹನ್ನೆರಡು ಪ್ರಶ್ನೆಗಳದು. ಕೆಲಸದ ಜಾಗದಲ್ಲಿ ನಿಮಗೊಬ್ಬ ಆಪ್ತ ಗೆಳೆಯ ಇದ್ದಾನೆಯೇ ಎಂಬುದೂ ಅದರಲ್ಲಿ ಒಂದು. ಕಳೆದ ಏಳು ದಿನಗಳಲ್ಲಿ ಯಾರಾದರೂ ನಿಮ್ಮನ್ನು ಹೊಗಳಿದ್ದಾರೆಯೇ ಎಂಬುದು ಇನ್ನೊಂದು. ನಮ್ಮವರು ಅದೇ ಧಾಟಿಯಲ್ಲಿ ಕೇಳಿದ್ದರು. ಏಳು ದಿನದಲ್ಲಿ ನನ್ನನ್ನು ಹೊಗಳಿದ್ದು ಒಂದು ಕಂಪ್ಯೂಟರ್. ಟೈಮ್‌ಶೀಟ್ ಸಮಯಕ್ಕೆ ಸರಿಯಾಗಿ ಕಳಿಸಿದ್ದಕ್ಕೆ ಹಸಿರು ಅಕ್ಷರದಲ್ಲಿ ಶಹಬ್ಬಾಸ್ ಎಂದಿತ್ತು.

ಇದರ ಸೊಗಸು ಗೊತ್ತಾಗಬೇಕಾದರೆ ಪೀಣ್ಯದ ಕತೆ ಹೇಳಬೇಕು. ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ, ವಾಹನಗಳ ಬಿಡಿಭಾಗ ಮಾಡುವಂಥದ್ದು. ಕೆಲಸಗಾರರು ನಿಲ್ಲುತ್ತಿಲ್ಲ, ಅವರಿಗೆ ಕೆಲಸದಲ್ಲಿ ಮನಸ್ಸಿಲ್ಲ, ಯಾಕೆಂದು ಹೇಳಿ ಎಂದು ನಮ್ಮನ್ನು ಕರೆಸಿದರು. ನಮ್ಮ ಭಾಷೆಯಲ್ಲಿ ಇದಕ್ಕೆ 'ಎಂಪ್ಲಾಯಿ ಎಂಗೇಜ್‌ಮೆಂಟ್' ಎನ್ನುತ್ತಾರೆ. ಉಂಗುರ ತೊಡಿಸುವುದಲ್ಲ. ವಿಲಿಯಂ ಕಾನ್ ಎಂಬ ವಿದ್ವಾಂಸ 1990ರಲ್ಲಿ ಬರೆದ ಲೇಖನದಿಂದ ಈ ಮಾತಿಗೆ ಬೇರು ಬಿತ್ತು. ಆತ ಅಧ್ಯಯನ ಮಾಡಿದ್ದು ಎರಡೇ ಜಾಗ, ಮಕ್ಕಳ ಒಂದು ಬೇಸಿಗೆ ಶಿಬಿರ ಮತ್ತು ವಾಸ್ತುಶಿಲ್ಪಿಗಳ ಒಂದು ಕಚೇರಿ. ಮನುಷ್ಯ ಯಾವಾಗ ತನ್ನನ್ನೇ ಕೆಲಸದೊಳಕ್ಕೆ ಸುರಿದುಕೊಳ್ಳುತ್ತಾನೆ, ಯಾವಾಗ ದೇಹವನ್ನಷ್ಟೇ ಕುರ್ಚಿಯಲ್ಲಿ ಕೂರಿಸಿ ತಾನು ಹಿಂದೆ ಸರಿಯುತ್ತಾನೆ ಎಂಬುದು ಆತನ ಪ್ರಶ್ನೆ. ಮಾಡುವುದರಲ್ಲಿ ಅರ್ಥ ಕಾಣಬೇಕು, ಬಾಯಿ ಬಿಟ್ಟರೆ ಅಪಾಯವಿಲ್ಲವೆಂಬ ಧೈರ್ಯ ಬೇಕು, ಮೈಮನಸ್ಸಿನಲ್ಲಿ ಅಷ್ಟು ಕಸುವು ಉಳಿದಿರಬೇಕು, ಸ್ಥೂಲವಾಗಿ ಇಷ್ಟು. ಈ ಮೂರನ್ನು ನಾವು ಮೂವತ್ತು ಪ್ರಶ್ನೆ ಮಾಡಿಕೊಂಡು ಪೀಣ್ಯಕ್ಕೆ ಹೊರಟೆವು. 'ನಾವು' ಎಂದರೆ ನಾನೊಬ್ಬನೇ. ತಂಡದಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ ಎಂಬುದು ಕಾರ್ಖಾನೆಯ ಗೇಟಿನಲ್ಲಿ ಎಲ್ಲರಿಗೂ ಗೊತ್ತಾಯಿತು.

ಲೇತ್‌ಗಳ ಸಾಲಿನ ಸೂಪರ್‌ವೈಸರ್, ಐವತ್ತರ ಆಸುಪಾಸಿನವರು. ಎಣ್ಣೆ ಮೆತ್ತಿದ ಬೆರಳುಗಳನ್ನು ಹತ್ತಿಯ ನೂಲಿನ ಉಂಡೆಯಲ್ಲಿ ಒಂದೊಂದಾಗಿ ಒರೆಸಿಕೊಳ್ಳುತ್ತ ನನ್ನೆದುರು ಕೂತರು.

"ಮೇಲಿನೋರು ನಿಮ್ಮ ಮಾತು ಕೇಳ್ತಾರಾ? ಒಂದರಿಂದ ಐದರೊಳಗೆ ಹೇಳಿ."

"ಕೇಳ್ತಾರೆ. ಕೇಳಿ ಬೈತಾರೆ."

ಇದಕ್ಕೆ ಐದು ಕೊಡಬೇಕೋ ಒಂದು ಕೊಡಬೇಕೋ ತಿಳಿಯದೆ ಮೂರು ಬರೆದುಕೊಂಡೆ. ಮೊದಲಿನ ಮ್ಯಾನೇಜರ್ ದಿನಾ ಬೆಳಿಗ್ಗೆ ಸಾಲಿನುದ್ದಕ್ಕೂ ನಡೆದುಕೊಂಡು ಬರುತ್ತಿದ್ದರಂತೆ. ಯಾವ ಯಂತ್ರದ ಸದ್ದು ಕೆಟ್ಟಿದೆ ಎಂದು ನಿಂತು ಕಿವಿಗೊಡುತ್ತಿದ್ದರಂತೆ, ಯಾರ ಮನೆಯಲ್ಲಿ ಹೆರಿಗೆ, ಯಾರಿಗೆ ಸಾಲ ಎಂಬುದೂ ಗೊತ್ತಿತ್ತಂತೆ. ಈಗಿನವರು ಮೇಲೆ ಎಸಿ ಕೋಣೆಯಲ್ಲಿ ಪರದೆ ನೋಡುತ್ತಾರೆ, ಯಂತ್ರದ ಸದ್ದು ಅಲ್ಲಿಗೆ ಹೋಗುವುದಿಲ್ಲ. ಅಷ್ಟರಲ್ಲಿ ಊಟದ ಸೈರನ್ ಆಯಿತು. ಕ್ಯಾಂಟೀನಿನಲ್ಲಿ ಮುದ್ದೆ. ಸೂಪರ್‌ವೈಸರ್ ನನ್ನ ತಟ್ಟೆಗೆ ಇನ್ನೊಂದು ಹಾಕಿಸಿ ಕೇಳಿದರು: "ನಿಮ್ಮ ಮೇಲಿನೋರು ಯಾರು ಸಾರ್?"

ಸರಳವಾದ ಪ್ರಶ್ನೆ. ನಾನು ಹೇಳತೊಡಗಿದೆ. ಕೆಲಸದ ಲೆಕ್ಕಕ್ಕೆ ಗುರುಗ್ರಾಮದವರೊಬ್ಬರು, ಅದು ಗಟ್ಟಿ ಗೆರೆ. ವಿಷಯದ ಲೆಕ್ಕಕ್ಕೆ ಸಿಂಗಪುರದವರೊಬ್ಬರು, ಅದು ಚುಕ್ಕಿ ಗೆರೆ. ಈ ಪ್ರಾಜೆಕ್ಟಿನ ಮಟ್ಟಿಗೆ ಮುಂಬೈಯವರು. ರಜೆ ಬೇಕಾದರೆ ಬೆಂಗಳೂರಿನ ಎಚ್‌ಆರ್. ವರ್ಷದ ಕೊನೆಗೆ ನನಗೆ ಅಂಕ ಹಾಕುವವರು ಚೆನ್ನೈನಲ್ಲಿದ್ದಾರೆ, ಮುಖ ನೋಡಿಲ್ಲ.

"ಅಷ್ಟ್ ಜನಾನಾ!" ಎಂದರು. "ಯಾರಾದ್ರೂ ಬೈತಾರಾ?"

"ಇಲ್ಲ."

"ಯಾರೂ?"

"ಯಾರೂ ಇಲ್ಲ."

ಅವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು. "ಪಾಪ," ಎಂದರು.

ವರದಿ ಸಿದ್ಧವಾಯಿತು. ಮುಖ್ಯ ಸಲಹೆ: ನಾಯಕರು ಕುರ್ಚಿ ಬಿಟ್ಟೇಳಬೇಕು, ದಿನಾ ನೆಲದ ಮೇಲೆ ಒಂದು ಸುತ್ತು ಬರಬೇಕು. ಇದು ನಮ್ಮ ಸ್ವಂತದ್ದೇನೂ ಅಲ್ಲ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹಿಂದೆಯೇ ಇದ್ದ ಪದ್ಧತಿ. ಟಾಮ್ ಪೀಟರ್ಸ್, ರಾಬರ್ಟ್ ವಾಟರ್‌ಮನ್ ಎಂಬಿಬ್ಬರು 1982ರಲ್ಲಿ ಉತ್ತಮ ಕಂಪನಿಗಳ ಗುಟ್ಟಿನ ಬಗ್ಗೆ ಬರೆದ ಪುಸ್ತಕದಿಂದ ಅದು ಲೋಕಪ್ರಸಿದ್ಧವಾಯಿತು. ಆ ಇಬ್ಬರೂ ಕನ್ಸಲ್ಟೆಂಟರೇ! ನಡೆದಾಡಿರಪ್ಪ ಎಂದು ಜಗತ್ತಿಗೆಲ್ಲ ಹೇಳಿದವರು ನಮ್ಮ ಕುಲದವರು. ಯಕ್ಷಗಾನದ ಭಾಗವತರಂತೆ ನಮಗೆ ಕುಣಿಸುವುದು ಗೊತ್ತು, ಕುಣಿಯುವ ಕಟ್ಟುಪಾಡಿಲ್ಲ.

ಕಾರ್ಖಾನೆಯ ಮಾಲೀಕರ ಕಚೇರಿ ಪೀಣ್ಯದಲ್ಲಿರಲಿಲ್ಲ, ಊರ ನಡುವಿನ ಒಂದು ಕಟ್ಟಡದ ಎಂಟನೇ ಮಹಡಿಯಲ್ಲಿತ್ತು. ವರದಿ ಒಪ್ಪಿಸುವ ದಿನ ಪಾರ್ಟ್ನರ್ ವಿಮಾನ ನಿಲ್ದಾಣದಿಂದ ನೇರ ಅಲ್ಲಿಗೇ ಬಂದರು. ನೆಲಮಾಳಿಗೆಯ ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದಂತೆ, "ಹೇಳು ಚಾಂಪ್, ಏನು ಕಂಡುಕೊಂಡೆವು?" ಎಂದರು. ಕಣ್ಣು ಫೋನಿನ ಮೇಲೆ, ಹೆಬ್ಬೆರಳು ಯಾರಿಗೋ ಉತ್ತರ ಒತ್ತುತ್ತಿತ್ತು. ನಾನು ವಾರಗಟ್ಟಲೆ ಅರೆದದ್ದನ್ನು ಮಹಡಿಗೊಂದು ಮಾತಿನಂತೆ ಒಪ್ಪಿಸಿದೆ. ಮೂರನೇ ಮಹಡಿಯಲ್ಲಿ ಸಮೀಕ್ಷೆಯ ಅಂಕಿಗಳು, ಐದರಲ್ಲಿ ಹಳೆಯ ಮ್ಯಾನೇಜರ್ ಕಿವಿಗೊಟ್ಟು ನಿಲ್ಲುತ್ತಿದ್ದದ್ದು, ಆರರಲ್ಲಿ ಯಾರೋ ಹತ್ತಿದರು, ಏಳರಲ್ಲಿ ಕ್ಯಾಂಟೀನಿನ ಮುದ್ದೆ. ಅವರು ಕೇಳಿಸಿಕೊಂಡರೋ ಇಲ್ಲವೋ ಎಂದು ಬಾಗಿಲು ತೆರೆಯುವವರೆಗೂ ಗೊತ್ತಾಗಲಿಲ್ಲ.

ಒಳಗೆ ಹೋಗಿ ಅವರು ಮಾತಾಡಿದ್ದನ್ನು ನೀವು ಕೇಳಬೇಕಿತ್ತು. ಸ್ಲೈಡಿನ ಕಡೆ ತಿರುಗಿಯೂ ನೋಡಲಿಲ್ಲ. ಕೆಟ್ಟ ಯಂತ್ರದ ಸದ್ದಿನ ಕತೆಯಿಂದ ಶುರು ಮಾಡಿ, ಎಣ್ಣೆಗೈ ಒರೆಸಿಕೊಳ್ಳುವ ಒಬ್ಬ ಹಿರಿಯ ಸೂಪರ್‌ವೈಸರನ್ನು ಆ ಮೇಜಿನ ಸುತ್ತ ಕೂತವರ ಮಧ್ಯೆ ತಂದು ನಿಲ್ಲಿಸಿದರು. ಮಾಲೀಕರು ಬರೆದುಕೊಳ್ಳುವುದನ್ನು ಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು. ಮಧ್ಯೆ ಯಾರೋ ಕಿರಿಯ ಅಧಿಕಾರಿ ತೊದಲುತ್ತ ಏನೋ ಕೇಳಿದಾಗ ನಮ್ಮ ಪಾರ್ಟ್ನರ್ ಅವನತ್ತ ಪೂರ್ತಿ ತಿರುಗಿ, ಅವನ ಹೆಸರು ಕೇಳಿ, ಆ ಹೆಸರು ಹಿಡಿದೇ ಉತ್ತರ ಕೊಟ್ಟರು. ಗಮನ ಕೊಡುವುದು ಬಾರದ ಮನುಷ್ಯ ಅಲ್ಲ ಅದು. ಅಷ್ಟು ಒಳ್ಳೆಯ ಗಮನವನ್ನು ನಾನು ಬೇರೆಲ್ಲೂ ಕಂಡಿಲ್ಲ. ದುಬಾರಿಯಾದದ್ದು, ಕಟ್ಟಿದವರಿಗೆ ಮಾತ್ರ ಸಿಗುತ್ತಿತ್ತು. ಕೊನೆಗೆ ಮಾಲೀಕರು, "ನಿಮ್ಮ ಕಂಪನಿಯಲ್ಲೂ ಹೀಗೇ ಮಾಡ್ತೀರಾ?" ಎಂದು ಕೇಳಿದರು. "ನಮ್ಮಲ್ಲಿ ಇದು ಉಸಿರಾಟದಷ್ಟು ಸಹಜ," ಎಂದು ಪಾರ್ಟ್ನರ್ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ ಅರ್ಧ ಗಂಟೆ ಕ್ಲೈಂಟಿನ ಕೋಡಿಗೆ ಹೋಯಿತು.

ಮಾಲೀಕರು ನಿಜವಾಗಿಯೂ ಮರುವಾರದಿಂದ ಕಾರ್ಖಾನೆಯಲ್ಲಿ ಸುತ್ತು ಹಾಕತೊಡಗಿದರಂತೆ. ಸೂಪರ್‌ವೈಸರ್ ಫೋನ್ ಮಾಡಿ ಹೇಳಿದರು. "ಈಗ ಇಬ್ಬರೂ ಬೈತಾರೆ ಸಾರ್," ಎಂದು ನಕ್ಕರು.

ಆ ವರ್ಷದ ಟೌನ್‌ಹಾಲ್ ಸಭೆಯಲ್ಲಿ ಪೀಣ್ಯದ ಕೆಲಸಕ್ಕೆ ಪ್ರಶಸ್ತಿ ಬಂತು, ತಂಡಕ್ಕೆ. ಲಂಡನ್ನಿನಿಂದ ಯಾರೋ ದೊಡ್ಡವರು ಪರದೆಯ ಮೇಲೆ ಬಂದು ಬಂಡವಾಳದ ಪಾಠ ಮಾಡಿದರು. ಬಾಸ್ಟನ್ನಿನ ಇನ್ನೊಂದು ಕನ್ಸಲ್ಟಿಂಗ್ ಕಂಪನಿ 1970ರಲ್ಲಿ ಬರೆದ ನಾಲ್ಕು ಮನೆಯ ಚೌಕ ನಮ್ಮಲ್ಲಿ ಮಂಡಲವಿದ್ದ ಹಾಗೆ: ಒಂದು ಮನೆಯಲ್ಲಿ ನಕ್ಷತ್ರ, ಒಂದರಲ್ಲಿ ಪ್ರಶ್ನೆಯ ಚಿಹ್ನೆ, ಒಂದರಲ್ಲಿ ನಾಯಿ, ಒಂದರಲ್ಲಿ ಹಸು. ಹೊಸದಾಗಿ ಏನೂ ಹಾಕದೆ ಸುಮ್ಮನೆ ಕರೆಯುತ್ತಿರಬಹುದಾದ ವ್ಯಾಪಾರ ಹಸು. ನಮ್ಮ ವಿಭಾಗ ಹಸುವಿನ ಮನೆಯಲ್ಲಿದೆ ಎಂದು ದೊಡ್ಡವರು ಮೆಚ್ಚಿಗೆಯಿಂದ ಹೇಳಿದರು. ಎಲ್ಲರೂ ಪರದೆಯ ಮೇಲೆ ಚಪ್ಪಾಳೆಯ ಚಿತ್ರ ಒತ್ತಿದರು. ನನಗೆ ಪುಣ್ಯಕೋಟಿಯ ಹಾಡಿನ ಕಾಳಿಂಗನೆಂಬ ಗೊಲ್ಲನ ನೆನಪಾಯಿತು. ಅವನೂ ಹಾಲು ಕರೆಯುವ ಲೆಕ್ಕದವನೇ, ಆದರೆ ಒಂದೊಂದು ಹಸುವನ್ನೂ ಹೆಸರು ಹಿಡಿದು ಕೂಗುತ್ತಿದ್ದ. ಎಲ್ಲವನ್ನೂ 'ಚಾಂಪ್' ಎಂದಿದ್ದರೆ ಆ ಹಾಡು ಎರಡೇ ಸಾಲಿಗೆ ಮುಗಿದುಹೋಗುತ್ತಿತ್ತು.

2020ರಲ್ಲಿ ಎಲ್ಲರೂ ಮನೆಗೆ ಹೋದೆವು. ಗಾಜಿನ ಕೋಣೆಯ ಬದಲು ಹೆಸರಿನ ಪಕ್ಕ ಹಸಿರು ಚುಕ್ಕೆ ಬಂತು. ಚುಕ್ಕೆ ಹಸಿರಾಗಿದ್ದರೆ ಯಜಮಾನರು ಇದ್ದಾರೆ ಎಂದರ್ಥ. ಎಲ್ಲಿ ಎಂದು ಕೇಳಬಾರದು. ನಮ್ಮ ಹುಡುಗನೊಬ್ಬ ತನ್ನ ಚುಕ್ಕೆ ಆರದಂತೆ ಮೌಸನ್ನು ತಿರುಗುವ ಟೇಬಲ್ ಫ್ಯಾನಿಗೆ ಕಟ್ಟಿದ್ದ. ಆ ತಿಂಗಳು ಅವನ ಹಾಜರಾತಿ ವಿಭಾಗಕ್ಕೇ ಮಾದರಿ. ಮುಂದಿನ ವರ್ಷ ನಾನು ಬಿಟ್ಟೆ. ಕಾರಣ ಆರಿಸಲು ಕೊಟ್ಟ ಪಟ್ಟಿಯಲ್ಲಿ ಸಂಬಳ, ಮದುವೆ, ಉನ್ನತ ವ್ಯಾಸಂಗ, ಇತರೆ ಎಂದಿತ್ತು. 'ಇತರೆ' ಒತ್ತಿದರೆ ವಿವರ ಬರೆಯಲು ಪೆಟ್ಟಿಗೆ ತೆರೆದುಕೊಳ್ಳಬೇಕಿತ್ತು, ತೆರೆದುಕೊಳ್ಳಲಿಲ್ಲ.

ಇಷ್ಟೆಲ್ಲ ಆಗಿ, ಈಚೆಗೆ ಒಂದು ವಾರದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಪಾರ್ಟ್ನರ್ ಫೋನ್ ಮಾಡಿದರು. ಆ ಹೊತ್ತಿನಲ್ಲಿ ಅವರಿಗೆ ಬಿಡುವಿದೆ ಎಂಬುದೇ ಸುದ್ದಿ. ಅವರೂ ಕಂಪನಿ ಬಿಟ್ಟಿದ್ದರು, ಅಥವಾ ಅವರಿಗೂ ನಯವಾಗಿ ದಾರಿ ತೋರಿಸಿದ್ದರು, ಹೇಳಲಿಲ್ಲ, ಕೇಳಲಿಲ್ಲ. ಈಗ ಲೀಡರ್‌ಶಿಪ್ ಕೋಚ್ ಆಗಿದ್ದಾರಂತೆ. ದೊಡ್ಡ ಕಂಪನಿಗಳ ನಾಯಕರಿಗೆ ಕೇಳಿಸಿಕೊಳ್ಳುವ ಕಲೆ ಕಲಿಸುತ್ತಾರಂತೆ. ಅದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ನನಗೆ 'ಹೂಂ' ಎನ್ನಲು ಸಂದಿ ಸಿಗುವುದೂ ಕಷ್ಟವಾಯಿತು. ಆದರೂ ಫೋನ್ ಇಡಬೇಕೆನಿಸಲಿಲ್ಲ. ಮಗಳು ಕೆನಡಾದಲ್ಲಿ ಓದುತ್ತಿದ್ದಾಳೆ, ತನ್ನ ಜೊತೆ ಮಾತು ಕಡಿಮೆ ಎಂದರು. ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಮ್ಮ ಬಾಸ್ ತಮ್ಮನ್ನು ಲಿಫ್ಟಿನಲ್ಲಿ ಮಾತ್ರ ಮಾತಾಡಿಸುತ್ತಿದ್ದರು ಎಂದರು, ನಕ್ಕರು. ಅಭ್ಯಾಸಬಲ, ನಾನು ಗಡಿಯಾರ ನೋಡಿಕೊಂಡು ಇದನ್ನು ಯಾವ ಕೋಡಿಗೆ ಹಾಕುವುದು ಎಂದು ಯೋಚಿಸಿದೆ.

ಆಮೇಲೆ ಇದ್ದಕ್ಕಿದ್ದ ಹಾಗೆ, "ಪೀಣ್ಯ ನೆನಪಿದೆಯಾ?" ಎಂದರು. "ಆ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ನಾವಿಬ್ಬರೂ ರಾಗಿಮುದ್ದೆ ತಿಂದೆವಲ್ಲ. ಅಗಿಯಬಾರದು, ನುಂಗಬೇಕು ಅಂತ ಆ ಸೂಪರ್‌ವೈಸರ್ ಹೇಳಿಕೊಟ್ಟರು. ನನ್ನ ಇಡೀ ಸರ್ವೀಸಿನಲ್ಲಿ ಅಂಥ ಊಟ ಇನ್ನೊಂದಿಲ್ಲ. ಈಗ ನನ್ನ ಎಲ್ಲ ತರಗತಿಯಲ್ಲೂ ಅದನ್ನೇ ಮೊದಲು ಹೇಳೋದು."

ಅವರು ಆ ಕಾರ್ಖಾನೆಯ ಗೇಟನ್ನೇ ನೋಡಿದವರಲ್ಲ.

"ನೆನಪಿದೆ," ಎಂದೆ.

"ಅದರ ಜೊತೆ ಒಂದು ಸಾರಿತ್ತಲ್ಲ, ಕಾಳು, ಸೊಪ್ಪು ಬಸಿದು ಮಾಡಿದ್ದು. ಏನದು? ಅದೊಂದು ಹೆಸರು ಮರೆತುಹೋಗಿದೆ ನೋಡು."

"ಬಸ್ಸಾರು, ಸಾರ್," ಎಂದೆ.